ಹಿಂಡಬೇಡ, ಒತ್ತು

ನೆಲಕ್ಕೆ ಹಳೆಯ ಬೆಡ್‌ಶೀಟು ಹಾಸಿ
ಬಿಚ್ಚಿದ ಕ್ರಮದಲ್ಲೇ ಇಟ್ಟಿದ್ದೇನೆ ಒಂದೊಂದನ್ನೂ.
ಉಪ್ಪಿನಕಾಯಿ ಬಾಟ್ಲಿಯ ಮುಚ್ಚಳದಲ್ಲಿ ವಾಷರು,
ಅಮ್ಮನ ಬೀಡಿಯ ಮೊರದ ಪಕ್ಕ ಕ್ಲಚ್ಚಿನ ಪ್ಲೇಟು.
ಇದು ಅಡುಗೆಮನೆಯೋ ಗ್ಯಾರೇಜೋ ಎಂದು
ಅವಳು ಕೇಳುವುದು ಬಿಟ್ಟು ಎರಡು ವಾರ ಆಯಿತು.

ಪಚ್ಚನಾಡಿಯ ಆಚೆ, ಕಲ್ಲು ತೆಗೆದು ಬಿಟ್ಟ ಕೋರೆಯಲ್ಲಿ
ಭಾನುವಾರ ಹಾರಿಸುತ್ತಿದ್ದೆ ಇದನ್ನು.
ಕಾರ್ಕಳದ ಒಬ್ಬರು ಮದುವೆ ನಿಶ್ಚಯವಾದ ಮೇಲೆ
ಅರ್ಧ ಬೆಲೆಗೆ ಕೊಟ್ಟ ನೂರಿಪ್ಪತ್ತೈದು ಸೀಸಿ,
ಟೂ ಸ್ಟ್ರೋಕು. ಹಾರ್ನಿಲ್ಲ, ಲೈಟಿಲ್ಲ, ಮರ್ಯಾದೆಯೂ ಇಲ್ಲ.
ಮೂರನೇ ದಿಬ್ಬ ದಾಟಿ
ಗಾಳಿಯಲ್ಲಿರುವಾಗಲೇ ಅದರ ಸ್ವರ ಬಿದ್ದುಹೋಯಿತು.
ಕೆಳಗಿಳಿದದ್ದು ನಾನು ಮತ್ತು ತೊಂಬತ್ತು ಕಿಲೋ ಕಬ್ಬಿಣ.

ದಿನಕ್ಕೆ ನಲವತ್ತು ಎಲುಬಿನ ಎಕ್ಸ್‌ರೇ ತೆಗೆಯುವವಳು ನಾನು,
ಕಂಕನಾಡಿಯ ಆಸ್ಪತ್ರೆಯಲ್ಲಿ;
ಕೂದಲೆಳೆಯ ಬಿರುಕನ್ನೂ ಬಿಡದ ಕಣ್ಣು.
ಬ್ಯಾರೆಲ್ಲನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ
"ಬೋರು ಸರಿ ಉಂಟು, ರಿಂಗು ಹಾಕಿದರೆ ಸಾಕು"
ಎಂದೆ, ಯಾರೂ ಕೇಳದಿದ್ದರೂ.

ಅಮ್ಮ ಎಲೆ ಕತ್ತರಿಸುವುದು ನಿಲ್ಲಿಸಿ
ಸೆರಗಿಗೆ ಕೈ ಒರೆಸಿ
ತೋರುಬೆರಳು ಒಳಗಿಳಿಸಿದಳು.
ಮೂವತ್ತೈದು ವರ್ಷ ಎಲೆಯ ನರ ತಡವಿದ ಬೆರಳು,
ಕರೆಂಟು ಹೋದ ರಾತ್ರಿಯೂ ಬಿಗಿ-ಸಡಿಲ ತಪ್ಪದ ಬೆರಳು.
"ಇಲ್ಲಿ ಉಂಟಲ್ಲ, ಗೀರು.
ಇಲ್ಲೊಂದು. ಇದು ಉದ್ದ."
ಅವಳ ಉಗುರು ಸಿಕ್ಕಿಕೊಂಡ ಕಡೆಯೆಲ್ಲ
ಪೆನ್ನಿನಲ್ಲಿ ಗುರುತು ಹಾಕಿದೆ.

ಯೆಯ್ಯಾಡಿಯ ಲೇತಿನ ಇದಿನಬ್ಬ ಕನ್ನಡಕ ಹಣೆಗೇರಿಸಿ
ಫಿಲ್ಟರಿನ ಡಬ್ಬದೊಳಗಿಂದ
ಒಂದು ಚಿಟಿಕೆ ತೆಗೆದು ನನ್ನ ಅಂಗೈಗೆ ಹಾಕಿದರು.
ಕೆಂಪು. ಕುಂಕುಮಕ್ಕಿಂತ ನುಣುಪು.
"ನಿಮ್ಮ ಮನೆ ಗೋಡೆ ಎಂತದ್ದು?"
ಮುರಕಲ್ಲು, ಎಂದೆ.
"ಅದೇ ಇದು. ಹೊರಗಿದ್ದರೆ ಗೋಡೆ, ಒಳಗೆ ಹೋದರೆ ಅರ.
ಫಿಲ್ಟರಿಗೆ ಎಣ್ಣೆ ಕೊಟ್ಟದ್ದು ಯಾರು?"
ಗ್ಲೆನಿಲ್, ಎಂದೆ.
ಗ್ಲೆನಿಲ್ ಕೊಟ್ಟಿರಲಿಲ್ಲ. ಯಾರೂ ಕೊಟ್ಟಿರಲಿಲ್ಲ.
ನೈಟ್ ಡ್ಯೂಟಿ ಮುಗಿಸಿ ಬಂದು, ತೊಳೆದು,
ಒಣ ಸ್ಪಂಜನ್ನೇ ಒಳಗೆ ತುರುಕಿ ಮಲಗಿದವಳು ನಾನು.

ಬೋರು ಅರ್ಧ ಮಿಲ್ಲಿ ದೊಡ್ಡದಾಗಿ ಬಂತು,
ಒಳಗೆಲ್ಲ ಅಡ್ಡಡ್ಡ ಸಣ್ಣ ಗೆರೆ, ಚಾಪೆಯ ಹೆಣಿಗೆಯ ಹಾಗೆ.
ಪಿಸ್ಟನ್ನು ಬಂದರಿನ ಅಂಗಡಿಯಿಂದ
ಎಣ್ಣೆಕಾಗದ ಸುತ್ತಿಕೊಂಡು ಬಂತು.
ನೆತ್ತಿಯ ಬಾಣ ಸೈಲೆನ್ಸರಿನ ಕಡೆಗೆ. ಎರಡು ಸಲ ನೋಡಿದೆ.
ಕ್ರ್ಯಾಂಕಿನ ಬಾಯಿಗೆ ಬಟ್ಟೆ ತುರುಕಿದ್ದೆ, ಪುಣ್ಯ;
ಪಿನ್ನು ಕೂತಿತು, ಸರ್ಕ್ಲಿಪ್ಪು
ಟಿಣ್ ಎಂದು ಹಾರಿತು.
ಅಮ್ಮ, ನಾನು, ಬೆಕ್ಕು, ನೆಲಕ್ಕೆ ಮೂಗು ಹಚ್ಚಿ ಒಂದು ಗಂಟೆ.
ಸಿಕ್ಕಿದ್ದು ಹೊಗೆಸೊಪ್ಪಿನ ಪುಡಿಯಲ್ಲಿ.
"ಬೀಡಿಯೊಳಗೆ ಹೋಗಿದ್ದರೆ, ಯಾರೋ ಪಾಪ, ಸೇದಿ..."
ಎಂದು ನಗತೊಡಗಿದವಳು ನಿಲ್ಲಿಸಲೇ ಇಲ್ಲ
ಕಣ್ಣೀರು ಬರುವ ತನಕ,
ಕೆಮ್ಮು ಬರುವ ತನಕ.

ಹದಿನೇಳನೇ ಕಿಕ್ಕಿಗೆ ಹಿಡಿಯಿತು.
ಅಂಗಳ ತುಂಬ ನೀಲಿ ಹೊಗೆ,
ಆಚೆಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡ ಸದ್ದು.
ಐದು ನಿಮಿಷ. ನಿಲ್ಲಿಸು. ಕೈಗೆ ಬಿಸಿ ತಾಗದಷ್ಟು ಹೊತ್ತು ಕಾಯಿ.
ಮತ್ತೆ ಐದು. ಮತ್ತೆ ಕಾಯಿ.
ಎರಡನೇ ಸಲ ತಣಿಯುತ್ತಿದ್ದಾಗ
ಗ್ಲೆನಿಲ್‌ಗೆ ಫೋನ್ ಮಾಡಿದೆ. "ಫಿಲ್ಟರು ನಾನೇ ಮಾರಾಯ."
"ಗೊತ್ತುಂಟು" ಎಂದ.
"ನನ್ನ ಸ್ಪಾನರ್ ಸೆಟ್ ಯಾವಾಗ ವಾಪಸ್ ಕೊಡ್ತಿ?"

ಈಗ ಭಾನುವಾರ ಸಂಜೆ
ಸೀಮೆಎಣ್ಣೆಯ ಬೋಗುಣಿಯಲ್ಲಿ ಸ್ಪಂಜು ಅದ್ದುತ್ತೇನೆ,
ಕೋರೆ ಬಣ್ಣ ಬಿಡುತ್ತದೆ.
ಬಟ್ಟೆಯ ಹಾಗೆ ತಿರುಚಹೋದರೆ
ಎಲೆಯಿಂದ ತಲೆಯೆತ್ತದೆ ಅಮ್ಮ:
"ಹಿಂಡಬೇಡ, ಒತ್ತು. ಹರಿದೀತು."
ಒಣಗಿದ ಮೇಲೆ ಎಣ್ಣೆ, ಮೂಲೆ ಮೂಲೆಗೂ,
ಆಮೇಲೆ ಹೆಚ್ಚಾದದ್ದು ಇಳಿಯಲೆಂದು ತಂತಿಗೆ.
ಅಲ್ಲಿ ಅವಳ ಎರಡು ರವಿಕೆ, ನನ್ನ ಆಸ್ಪತ್ರೆಯ ಬಿಳಿ ಕೋಟು,
ನಡುವೆ ಇದು, ತೊಟ್ಟಿಕ್ಕುತ್ತ,
ಕೋಟಿಗೆ ತಾಗದಷ್ಟು ದೂರದಲ್ಲಿ,
ಹೆಚ್ಚಿನ ಸಲ.