ಋಣ ಚಿಹ್ನೆ

ಫಿನ್ಲೆಂಡಿನ ಎಸ್ಪೊದಲ್ಲಿ, ಜನವರಿಯ ರಾತ್ರಿ ಎರಡು ಗಂಟೆಗೆ
ಹೆಲ್ಕಾ ವುವೊರಿಯೊ ಕಾಗದದ ಮೇಲೆ ಎಳೆದದ್ದು
ಒಂದು ಅಡ್ಡಗೆರೆ. ಅಷ್ಟೇ.
ಕಿರುಬೆರಳ ಉಗುರಿನಷ್ಟು ಉದ್ದ.

ನೆಲಮಾಳಿಗೆಯಲ್ಲಿ ಶೀತಯಂತ್ರ ಉಸಿರಾಡುತ್ತಿದೆ,
ಚಿಕ್, ಚಿಕ್, ಚುಸ್.
ಚಿನ್ನದ ನೀರು ಕುಡಿದ ತಾಮ್ರದ ತಟ್ಟೆಗಳು
ಒಂದರ ಕೆಳಗೊಂದು, ಇಳಿದಂತೆ ಇನ್ನೂ ತಣ್ಣಗೆ.
ಹೊರಗೆ ಕಡಲೇ ಕಲ್ಲಾಗಿದೆ;
ಈ ಒಳಗಿನ ಚಳಿಯ ಮುಂದೆ ಆ ಹಿಮವೂ ಉರಿಯುವ ಒಲೆ.

ಹದಿನೇಳು ರಾತ್ರಿಯಿಂದ ಉತ್ತರ ತಪ್ಪು.
ಓಸ್ಮೊ, ಒಂದು ಕಾಲಕ್ಕೆ ಹಡಗಿನ ಎಂಜಿನ್ ನೋಡುತ್ತಿದ್ದವನು,
ತಂತಿಗಳನ್ನೆಲ್ಲ ತಡವಿದ, ಹೀಲಿಯಂ ಸೋರಿಕೆ ಹುಡುಕಿದ,
ಕೊನೆಗೆ ಯಂತ್ರಕ್ಕೇ ಬೈದ:
"ಸೊನ್ನೆಯೋ ಒಂದೋ, ಬಾಯಿಬಿಟ್ಟು ಹೇಳಬಾರದೇನು ನಿನಗೆ?"

ಅವಳು ನಕ್ಕು ಅವನ ಬುತ್ತಿ ತೋರಿಸಿದಳು.
ಅದರಲ್ಲಿ ಕಾಫಿ ಇದೆ, ಜೊತೆಗೆ ರೈ ರೊಟ್ಟಿಯೋ ಗಂಜಿಯೋ.
ಅಂದರೆ ಕಾಫಿ-ರೊಟ್ಟಿ, ಇಲ್ಲವೇ ಕಾಫಿ-ಗಂಜಿ.
ಮುಚ್ಚಳ ತೆಗೆಯದೆಯೂ ಇದು ನಿಜ;
ಶಾಲೆಯ ವಿಭಾಜಕ ನಿಯಮ ಬುತ್ತಿಗೆ ಸಾಕು.
ಅಲ್ಲಿ, ಆ ಕೊನೆಯ ತಟ್ಟೆಯಲ್ಲಿ,
ಕಾಫಿ ಇರುವುದು ಖಾತ್ರಿ, ರೊಟ್ಟಿಯೋ-ಗಂಜಿಯೋ ಎಂಬುದೂ ಖಾತ್ರಿ,
ಆದರೆ ಕಾಫಿ-ರೊಟ್ಟಿ ಸುಳ್ಳು, ಕಾಫಿ-ಗಂಜಿಯೂ ಸುಳ್ಳು.
'ಅಥವಾ' ಎಂಬ ಮಾತು ಅಲ್ಲಿ ಇನ್ನೂ ಒಡೆದಿಲ್ಲ;
ಬೀಜದಲ್ಲಿರುವಂತೆ, ಎರಡು ಬೇಳೆ ಒಂದೇ ಸಿಪ್ಪೆಯೊಳಗೆ.

ಓಸ್ಮೊ ರೊಟ್ಟಿ ಮುರಿದು ತಿಂದ. ಏನೂ ಅನ್ನಲಿಲ್ಲ.

ತಪ್ಪು ಸಿಕ್ಕಿದ್ದು ಹೀಗೆ:
ತಲೆಕೆಳಗು ಮಾಡುವುದು ಒಂದು ಕ್ರಿಯೆ,
ಅಲೆಯ ಮಗ್ಗುಲು ಬದಲಿಸುವುದು ಇನ್ನೊಂದು.
ಯಾರೋ ಎರಡನ್ನೂ ಅದಲುಬದಲು ಬರೆದಿದ್ದಾರೆ.
ಯಾರೋ ಅಲ್ಲ, ಅವಳೇ, ನವೆಂಬರಿನಲ್ಲಿ, ಜ್ವರದಲ್ಲಿ.
ಮೂರೈದಲಿ ಹದಿನೈದು, ಐದು ಮೂರಲಿ ಹದಿನೈದು
ಎಂದು ಮಗ್ಗಿ ಕಲಿತ ಕೈಗೆ
ಹಿಂದುಮುಂದಾದರೇನಂತೆ ಎಂಬ ಸಲಿಗೆ.
ಇಲ್ಲಿ ಹಿಂದುಮುಂದಾದರೆ ಗುಣಲಬ್ಧದ ಮುಂದೆ
ಒಂದು ಅಡ್ಡಗೆರೆ ಬಂದು ನಿಲ್ಲುತ್ತದೆ.

ಒಂಟಿಯಾಗಿದ್ದಾಗ ಆ ಗೆರೆ ಯಾವ ಅಳತೆಗೂ ಕಾಣದು.
ಬೇರೆ ದಾರಿ ಹಿಡಿದು ಬಂದದ್ದು ಎದುರಾಗಬೇಕು, ಕೂಡಬೇಕು;
ಆಗ ಅಲೆ ಅಲೆಯನ್ನು ತಿಂದು
ಇರಬೇಕಾದ ಕಡೆ ಏನೂ ಇರುವುದಿಲ್ಲ.

ಹೆಲ್ಕಾಗೆ ನನ್ನ ಭಾಷೆ ಬಾರದು.
ಈ ಗೆರೆಯನ್ನೂ ತೀರದೆ ಉಳಿದ ಬಾಕಿಯನ್ನೂ
ನಾವು ಒಂದೇ ಪದದಿಂದ ಕರೆಯುತ್ತೇವೆಂದು ಅವಳಿಗೆ ಯಾರೂ ಹೇಳಿಲ್ಲ.
ಆದರೂ ಆ ಹೊತ್ತಿನಲ್ಲಿ ಅವಳಿಗೆ ನೆನಪಾದದ್ದು ದೋಣಿ.

ಅಕ್ಕ ತೆಲ್ಲೆರ್ವೊ, ಸರೋವರ, ಇಬ್ಬರ ಹೆಸರಲ್ಲಿದ್ದ ದೋಣಿ.
ಮೊದಲು ಮಾರಿದಳು, ಆಮೇಲೆ ಕೇಳಿದಳು.
ಕೇಳಿ ಮಾರಿದ್ದರೂ ಅದೇ ದೋಣಿ, ಅದೇ ಬೆಲೆ, ಕೊಳ್ಳುವವನೂ ಅವನೇ;
ಅಕ್ಕ ಹೂಂ ಅನ್ನುತ್ತಿದ್ದಳು ಕೂಡ.
(ಅಮ್ಮನ ಮಗ್ಗವನ್ನು ಅಕ್ಕ ಒಯ್ದದ್ದೂ ಕೇಳಿ ಅಲ್ಲ.)
ಒಂಬತ್ತು ವರ್ಷ. ಕ್ರಿಸ್ಮಸ್ ಕಾರ್ಡಿನಲ್ಲಿ ಬರೀ ಸಹಿ.

ಕಾಗದದ ಕೆಳತುದಿಗೆ ಅವಳು ಇನ್ನೊಂದು ಸಾಲು ಬರೆದಳು.
ಕಣ ಎರಡಿದ್ದು, ಎರಡಕ್ಕೂ ಒಟ್ಟಿಗೇ ಹಿಂದುಮುಂದು ಮಾಡಿದರೆ
ಇದರದೊಂದು ಋಣ, ಅದರದೊಂದು ಋಣ,
ಗುಣಿಸಿದರೆ ಧನ. ಯಾವುದು ಮೊದಲೆಂಬ ಜಗಳವೇ ಇಲ್ಲ.
ಆಗ ಕೇಳಬಹುದು. ನೀನು ಸೊನ್ನೆಯೋ ಒಂದೋ ಎಂದಲ್ಲ,
ಅದನ್ನು ಕೇಳಿದರೆ ಎಲ್ಲ ಕೆಟ್ಟಿತು.
ನೀವಿಬ್ಬರೂ ಒಂದೇ ಥರವೋ, ಬೇರೆಯೋ, ಎಂದಷ್ಟೆ.
ತಪ್ಪಾಗಿದೆಯೆಂದು ತಿಳಿಯಲು ಅಷ್ಟು ಸಾಕು;
ಒಳಗಿನ ಗುಟ್ಟು ಒಳಗೇ ಉಳಿಯುತ್ತದೆ.

ಓಸ್ಮೊ ಆದೇಶಗಳನ್ನು ಸರಿಯಾದ ಸಾಲಿಗೆ ಹಾಕಿದ.
ಪರದೆಯ ಮೇಲಿನ ಕಂಬಗಳು ತಮ್ಮ ಜಾಗಕ್ಕೆ ಬಂದವು,
ಪೂರ್ತಿಯಲ್ಲ, ಎಡಗಡೆಯದು ಇನ್ನೂ ಗಿಡ್ಡ.
"ನಾಳೆ ನೋಡೋಣ," ಅಂದ.

ಏಳು ಗಂಟೆಗೂ ಕತ್ತಲೆ. ಬಸ್ ನಿಲ್ದಾಣದಲ್ಲಿ
ಕೈಗವಸು ಹಲ್ಲಿನಿಂದ ಕಚ್ಚಿ ತೆಗೆದು ಹೆಲ್ಕಾ ಫೋನ್ ಮಾಡಿದಳು.
ದೋಣಿಯ ಮಾತೆತ್ತಲಿಲ್ಲ.
"ಅಲ್ಲೂ ಹೀಗೇ ಚಳಿಯಾ?"
ಆ ಕಡೆ ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಕೆಟಲ್ ಸಿಳ್ಳೆ ಹಾಕುವುದು ಕೇಳಿಸಿತು.
ಅದನ್ನು ಇಳಿಸಲು ಯಾರೂ ಏಳಲಿಲ್ಲ.