ಎರಡನೇ ಕೈ

ಮತ್ತೆ ಮರೆತೆ.
ಬಾಗಿಲು ಬೆನ್ನ ಹಿಂದೆ ಟಪ್ಪೆಂದ ಮೇಲೆ ನೆನಪಾಯಿತು.
ಜೇಬಿನಲ್ಲಿ ಮೆಟ್ರೊ ಕಾರ್ಡು, ಔಷಧಿ ಚೀಟಿ,
ಎಂದಿನದೋ ಸೂರ್ಯಕಾಂತಿ ಬೀಜ.
ಬೀಗದಕೈ ಮಾತ್ರ ಒಳಗೆ, ಸಕ್ಕರೆ ಡಬ್ಬಿಯ ಪಕ್ಕ,
ನನ್ನನ್ನು ಹೊರಗೆ ಹಾಕಿ
ಮನೆ ತನ್ನದೇ ಎಂಬಂತೆ ಮಲಗಿದೆ.

ಐದು ಮಹಡಿ ಇಳಿದೆ.
ನಮ್ಮ ತಿಬಿಲಿಸಿಯಲ್ಲಿ ಲಿಫ್ಟೂ ಕಾಸು ಕೇಳುತ್ತದೆ.
ಇಳಿಯುತ್ತ ಮೆಟ್ಟಿಲಿಗೊಂದರಂತೆ ಬೈದುಕೊಂಡೆ,
ನೆಲ ಮುಟ್ಟುವಾಗ ಬೈಗುಳ ಮುಗಿದು ನಗು ಬಂತು.

ಕೆಳಗೆ ಎತೇರಿ ಇದ್ದಾಳೆ.
ಅವಳ ಅಡುಗೆಮನೆ ಗೋಡೆಗೆ ಹದಿನೆಂಟು ಮೊಳೆ,
ಹದಿನೆಂಟು ಮನೆಯ ಎರಡನೇ ಕೈ.
ಹೆಸರು ಬರೆಯುವುದಿಲ್ಲ,
ಕಳ್ಳನಿಗೂ ಓದು ಬರುತ್ತದಂತೆ.
ನನ್ನದಕ್ಕೆ ಕೆಂಪು ನೂಲು. ಗುರಾಮನದಕ್ಕೆ ಬಾಟಲಿ ಮುಚ್ಚಳ.
ಪಿಟೀಲು ಕಲಿಸುವ ನಾತೇಲಾಳದಕ್ಕೆ ಕೋಟಿನ ಗುಂಡಿ.
ಜಗಳಗಂಟ ಜೂರಾಬನದಕ್ಕೆ
ಕೇಳಬೇಕೆ, ಒಣಮೆಣಸಿನಕಾಯಿ.

ಕರೆಂಟಿಲ್ಲದ ಆ ಚಳಿಗಾಲಗಳಲ್ಲಿ
ಮೇಣದಬತ್ತಿಯೂ ಮುಗಿದ ರಾತ್ರಿ
ಗೋಡೆ ಸವರಿ ಸರಿಯಾದುದನ್ನೇ ಕೊಡುತ್ತಿದ್ದಳು.
ನಾವಾದರೋ ಬಂದ ನೆಂಟರಿಗೆ
ಉಣ್ಣೆ ಕಾಲುಚೀಲದಲ್ಲಿ ಕೀಲಿ ಸುತ್ತಿ
ಬಾಲ್ಕನಿಯಿಂದ ಎಸೆಯುವ ಜನ.
ಒಮ್ಮೆ ಗುರಾಮ ಎಸೆದದ್ದು
ಹಾದುಹೋಗುವ ಕಲ್ಲಂಗಡಿ ಲಾರಿಗೆ ಬಿದ್ದು
ಸಂತೆಗೆ ಹೋಯಿತು. ಇನ್ನೂ ಬಂದಿಲ್ಲ.

ಹೋದ ವರ್ಷ ಒಂದು ಗುರುವಾರ
ಮಧ್ಯಾಹ್ನವಾದರೂ ಅವಳ ಹೊಸ್ತಿಲಲ್ಲಿ
ಮೊಸರಿನ ಬಾಟಲಿ ಹಾಗೇ ಇತ್ತು.
ಬಡಿದೆವು. ಕೂಗಿದೆವು. ಕಿವಿಯಿಟ್ಟೆವು.
ಆಗ ಹೊಳೆಯಿತು:
ನಮ್ಮೆಲ್ಲರ ಕೈ ಅವಳ ಬಳಿ,
ಅವಳದು ಯಾರ ಬಳಿ?
ನಿನ್ನ ಬಳಿ ಇರಬೇಕು ಎಂದು ಒಬ್ಬರನ್ನೊಬ್ಬರು ನೋಡಿದೆವು.
ಗುರಾಮ ಹಾರೆ ತಂದ.
ಬಾಗಿಲು ಒಡೆದರೆ ದುಡ್ಡು ಯಾರು ಕೊಡುವುದೆಂದು
ಅಲ್ಲೇ ಶುರುವಿಟ್ಟ ಜೂರಾಬ.
ಕೊನೆಗೆ ಬೀಗದವನು ಬಂದ, ಮೀಸೆ ಮೂಡದ ಹುಡುಗ,
ಚೀಲ ಕೆಳಗಿಟ್ಟ,
ಬಾಗಿಲಿನ ಹಿಡಿ ಒತ್ತಿದ.

ತೆರೆಯಿತು.

ಹೊರಗೆ ಹಿತ್ತಾಳೆಯ ಮುಖ ಫಳಫಳ,
ಹಿಂದೆ ಟೊಳ್ಳು. ಟೊಳ್ಳಿಗೆ ಗಾಳಿ ತಡೆಯಲು
ಹಳದಿಗಟ್ಟಿದ ಪತ್ರಿಕೆ.
ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಒಂದು ಚಮಚ.
ಇಷ್ಟು ವರ್ಷ ನಾವು ಬಡಿದಾಗಲೆಲ್ಲ
ಒಳಗೆ ಕೀಲಿ ತಿರುಗಿದ ಸದ್ದು ಅದರದೇ.

ಎತೇರಿ ಒಲೆಯ ಬಳಿ, ನೆಲದ ಮೇಲೆ.
ಸ್ಟೂಲು ಜಾರಿ ಪಾದ ಕುಂಬಳವಾಗಿತ್ತು,
ನೋವಿಗಿಂತ ಸಿಟ್ಟು ಹೆಚ್ಚು:
"ಬಡಿದೇ ಬಡಿದಿರಿ.
ಒಬ್ಬರಿಗಾದರೂ ತಳ್ಳಿ ನೋಡಲು ತೋಚಲಿಲ್ಲವೆ?"
ಆಮೇಲೆ, ಪಾದಕ್ಕೆ ಮಂಜುಗಡ್ಡೆ ಇಡುವಾಗ, ನನಗೊಬ್ಬಳಿಗೆ:
"ತೊಂಬತ್ಮೂರರಲ್ಲಿ ಕಳೆದುಕೊಂಡೆ, ಬ್ರೆಡ್ಡಿನ ಸಾಲಿನಲ್ಲಿ.
ಬೀಗ ಕಿತ್ತಿಸಿ ಒಳಗೆ ಬಂದೆ.
ಊರವರ ಕೈ ಕಾಯುವವಳು
ತನ್ನದನ್ನೇ ಕಳೆದೆನೆಂದು ಯಾವ ಬಾಯಲ್ಲಿ ಹೇಳಲಿ?"

ಹುಡುಗ ಹಿಡಿ ಒತ್ತಿದ್ದಕ್ಕೆ ಮೂವತ್ತು ಲಾರಿ ಕೇಳಿದ.
ಕೊಟ್ಟೆವು.
ಜೂರಾಬ ಮೆಣಸಿನಕಾಯಿ ಸಮೇತ
ತನ್ನದನ್ನು ಕಿತ್ತುಕೊಂಡು ಹೋದ:
ಬೀಗವಿಲ್ಲದ ಮನೆಯಲ್ಲಿ ಬೀಗದಕೈ, ಹುಚ್ಚೇ ನಿಮಗೆ!
ಶನಿವಾರ ಸಂಜೆ ಯಾರಿಗೂ ಕಾಣದಂತೆ ತಂದು
ಅದೇ ಮೊಳೆಗೆ ಸಿಕ್ಕಿಸಿದ.
ಮೆಣಸಿನಕಾಯಿ ಹೊಸದು.

ಬಾಗಿಲು ಇಂದಿಗೂ ಹಾಗೇ.
ಗೊತ್ತಿದ್ದೂ ಬಡಿಯುತ್ತೇನೆ,
ಗೊತ್ತಿದೆಯೆಂದು ಗೊತ್ತಿದ್ದೂ ಅವಳು ಚಮಚ ಆಡಿಸುತ್ತಾಳೆ.

"ಎಲ್ಲಿ ಬಿಟ್ಟೆ, ಮಾಕ್ವಾಲಾ?"
"ಸಕ್ಕರೆ ಡಬ್ಬಿಯ ಪಕ್ಕ."
"ಹಾಗಾದರೆ ಕಳೆದಿಲ್ಲ. ನೀನು ಹೊರಗಿದ್ದೀಯ, ಅಷ್ಟೆ."
ಕೆಂಪು ನೂಲು ಅಂಗೈಗೆ ಬಿತ್ತು, ಬೆಚ್ಚಗೆ,
ಒಲೆಯ ಪಕ್ಕದ ಗೋಡೆಯಲ್ಲವೆ.

"ಲಿಫ್ಟಿಗೆ ಚಿಲ್ಲರೆ, ಹತ್ತು ಇದೆಯಾ?"
"ಇಲ್ಲ."
"ಹಾಗಾದರೆ ಹತ್ತು."