ಟಿಕಳಿ

ಅದು ಹತ್ತತದ, ಅದು ಆರತದ.
ನಾಗಠಾಣ ದಾಟೋತನಾ ಏನೂ ಇಲ್ಲ,
ಆಮ್ಯಾಲ, ಮಾತಿಲ್ಲ ಕತಿಲ್ಲ,
ಸ್ಟೇರಿಂಗಿನ ಹಿಂದ ಅರಿಷಿಣ ಬಣ್ಣದ ಎಂಜಿನ್ ಚಿತ್ರ.
ನನಗ ಅದು ಚಹಾದ ಕಿಟ್ಲಿ ಇದ್ದಂಗ ಕಾಣತದ.

ಹಿಂದಿನ ಸೀಟಿನಾಗ ರುಬೀನಾ, ತೊಡಿ ಮ್ಯಾಲ ಮೇಕಪ್ಪಿನ ಪೆಟ್ಟಿಗಿ,
"ಅಕ್ಕಾ, ಹತ್ತೇದ ನೋಡ್ರಿ," ಅಂತಾಳ.
ನಾ ನೋಡೂದಿಲ್ಲ.
ಇಂಡಿಯೊಳಗ ಮದುಮಗಳು ತಲಿ ತೊಳಕೊಂಡು ಕುಂತಾಳ,
ಎಂಟಕ್ಕ ಅಕ್ಕಿಕಾಳು,
ಎಂಜಿನ್ನಿನ ಮಾತು ಕೇಳಲಿಕ್ಕೆ ಯಾರಿಗೆ ಪುರಸೊತ್ತು?

ದಸ್ತಗೀರನ ಗ್ಯಾರೇಜಿಗೆ ಒಯ್ದರ ಮಾತ್ರ
ಬೀಗರು ಬಂದ ಮನಿ ಕೂಸಿನಂಗ ಸುಮ್ಮನಾಗತದ.
ಬಾನೆಟ್ ಎತ್ತಿ ಅಂವ ಕಿವಿಗೊಡತಾನ,
ವೈರ್ ಹಚ್ಚತಾನ, ಸಣ್ಣ ಡಬ್ಬಿ ಟುಂಯ್ ಅಂತದ,
ಆರನೂರು ರೂಪಾಯಿ.
"ಮ್ಯಾಡಂ, ಹತ್ತಿದಾಗ ತರ್ರಿ."
ಹತ್ತಿದಾಗ ನಾ ತಾಂಬಾದ ಹಾದ್ಯಾಗ ಇರತೀನೋ ದಸ್ತಗೀರ,
ಮುಂದ ಕಬ್ಬಿನ ಟ್ರ್ಯಾಕ್ಟರ್, ಹಿಂದ ಕತ್ತಲಿ.

ಮೂರು ಮಂದಿ, ಮೂರು ರೋಗ.
ಸೆನ್ಸಾರು ಅಂದ ದಸ್ತಗೀರ: ನಾಕು ಸಾವಿರದ ಎರಡನೂರು.
ಷೋರೂಮಿನ ಹುಡುಗ ಕಂಪ್ಯೂಟರ್ ನನ್ನ ಕಡೆ ತಿರುಗಿಸಿ
ಹೊಗಿ ಕೊಳವ್ಯಾಗಿನ ಜಾಳಗಿನೇ ಹೋಗೇದ ಅಂದ:
ಮೂವತ್ತೊಂದು ಸಾವಿರ, ಟ್ಯಾಕ್ಸ್ ಬ್ಯಾರೆ.
ಅಥಣಿ ರೋಡಿನ ಮುದುಕ ಪೆಟ್ರೋಲ್ ಟಾಕಿ ಮುಚ್ಚಳ ಬಿಗಿಯಾಗಿ ತಿರುವಿ
ರೊಕ್ಕ ಬ್ಯಾಡ, ಹೋಗಬೇ ಅಂದ.
ಎಂಟು ದಿನ ಆ ಮುಚ್ಚಳಕ್ಕ ಕೈ ಮುಗದೆ.
ಒಂಬತ್ತನೇ ದಿನ ಹತ್ತಿತು.

ನನ್ನ ಲೆಕ್ಕ ರೂಪಾಯಿದಲ್ಲ, ಮದುಮಕ್ಕಳದು.
ಒಬ್ಬಾಕಿ ಅಂದ್ರ ಐದು ಸಾವಿರ.
ಅದರಾಗ ರುಬೀನಾಗ ಎಂಟನೂರು, ಹೂವು, ಪೆಟ್ರೋಲು,
ಉಳಿಯೂದು ಮೂರರ ಮ್ಯಾಲ ಚಿಲ್ಲರೆ.
ಜಾಳಗಿ ಅಂದ್ರ ಹತ್ತು ಮದುಮಕ್ಕಳು.
ಆಷಾಢ ಬಂದು ಬಾಗಲಾಗ ನಿಂತದ.
"ನಮ್ಮವರ ಲಗ್ನ ಅದಾವಲ್ರಿ," ಅಂದಳು ರುಬೀನಾ.
ಎರಡು. ಬರಕೊಂಡೆ.

ಹಂಗಾಗಿ ಮಾರಿಬಿಡೂದು.
ಮ್ಯಾಟ್ ಬಡದೆ, ಗ್ಲಾಸ್ ಒರಸಿದೆ.
ಸೀಟಿನ ಸಂದ್ಯಾಗ ಒಂದು ಮುತ್ತಿನ ನತ್ತು, ಹನ್ನೆರಡು ಪಿನ್ನು,
ಯಾರದೋ ನೆತ್ತಿಯಿಂದ ಜಾರಿದ ಅಕ್ಕಿಕಾಳು.
ಆಮ್ಯಾಲ ಪೆಟ್ಟಿಗಿ ತಗದು
ದೊಡ್ಡದೊಂದು ಕರೀ ಟಿಕಳಿ ಆರಿಸಿ
ಆ ದೀಪದ ಮ್ಯಾಲ ಹಚ್ಚಿದೆ.

ಹದಿನಾಕು ವರ್ಷದ ಕೈ ಇದು.
ಕಣ್ಣ ಕೆಳಗಿನ ಕಪ್ಪು, ಮೊಡವಿ, ಒಲಿ ಸುಟ್ಟ ಕಲಿ,
ಒಮ್ಮೆ ಒಬ್ಬಾಕಿ ಗಲ್ಲದ ಮ್ಯಾಲ ಐದು ಬೆರಳಿನ ಗುರುತು,
ಎಲ್ಲಾ ಮುಚ್ಚೇನಿ.
ಆ ಬೆರಳು ಯಾರವು ಅಂತ ಕೇಳಲಿಲ್ಲ.
ಫೋಟೋ ಭಾಳ ಚಂದ ಬಂದವು.

ಒತ್ತಿ ಹಚ್ಚೂ ಮುಂದ ಉಗುರಿಗೆ ಏನೋ ತಡಿತು:
ಹಳೇ ಅಂಟು. ದುಂಡಗ, ಧೂಳು ಕುಡದದ್ದು.
ಮಾರಿದ ಬಸರಕೋಡ ಮಾಸ್ತರು ನೆನಪಾದರು,
ಅವರ ಮನಿ ಕಟ್ಟಿ, ಬಸಿಯೊಳಗಿನ ಚಹಾ,
"ಒಂದ್ ಕಂಪ್ಲೇಂಟ್ ಇಲ್ಲ ತಂಗಿ, ಬಂಗಾರ."

ಐತಾರ ಕಮಲಿಬಾಯಿ ರಾಠೋಡ ಬಂದಳು,
ಬಬಲೇಶ್ವರದ ದವಾಖಾನಿ ನರ್ಸು.
ರಾತ್ರಿ ಪಾಳಿ ಮುಗಿಸಿ, ನಿದ್ದಿಗಣ್ಣಿಲೆ,
ರೊಕ್ಕ ವ್ಯಾನಿಟಿ ಬ್ಯಾಗಿನಾಗ ಅಲ್ಲ, ಊಟದ ಡಬ್ಬ್ಯಾಗ.
ಜಲನಗರದ ತನಕ ತಾನೇ ಓಡಿಸಿದಳು.
ಗೇರ್ ಹಾಕುವಾಗೊಮ್ಮೆ ತುಟಿ ಕಡೀತಿದ್ದಳು.
ಸಿಗ್ನಲ್ಲಿಗೆ ನಿಂತಾಗ ಬೆರಳು ಮುಂದ ಮಾಡಿ
"ಇದೇನ್ರಿ ಅಕ್ಕಾ, ಟಿಕಳಿ?
ಕಾರಿಗೂ ದೃಷ್ಟಿಬೊಟ್ಟೇನು?" ಅಂತ ನಕ್ಕಳು.

ಹೌದವ್ವಾ ಅನ್ನೂದು ನಾಲಗಿ ತುದಿಗೆ ಬಂದಿತ್ತು,
ಅಷ್ಟು ಚೊಲೋ ಉತ್ತರ ನನಗೇ ಹೊಳದಿದ್ದಿಲ್ಲ.

ಉಗುರಿಲೆ ಎಬ್ಬಿಸಿದೆ.
ಕೆಳಗ ದೀಪ ಆರಿತ್ತು.
ಹತ್ತಿದ್ದರ ಹೇಳೂದು ಸಸಾರ ಇತ್ತು,
ಬೆರಳು ಮಾಡಿ ತೋರಿಸಿದ್ದರ ಮುಗೀತಿತ್ತು.
ಹಿಂದಿನ ಗಾಡಿಯವ ಹಾರ್ನ್ ಹೊಡೀಲಿಕ್ಕತ್ತಿದ್ದ.
ಏನೂ ಇಲ್ಲದ ಆ ಕರೀ ಗ್ಲಾಸ್ ತೋರಿಸಿ
"ಇದು ಹತ್ತತದವ್ವಾ," ಅಂದೆ.

"ಯಾವಾಗ?"

ಟಿಕಳಿ ಇನ್ನೂ ನನ್ನ ಬೆರಳ ತುದಿಗೇ ಇತ್ತು.
"ನಾಗಠಾಣ ದಾಟಿದ ಮ್ಯಾಲ," ಅಂದೆ.